ಅಳಿಯನಾಗದ ಗಣ

“ಇದೇನ್ರೀ ಇದು, ‘ಅಳಿಯನಾಗದ ಗಣ’?”

ಪ್ರೂಫ್ ಹಾಳೆ ಪಟ್ಟನೆ ಮೇಜಿನ ಮೇಲೆ ಬಿತ್ತು. ಅವಳು ಕೀಲಿಮಣೆಯಿಂದ ಕಣ್ಣೆತ್ತಿದಳು. ಗಣಿತದ ಮೇಷ್ಟ್ರು ಎದುರಿಗೆ ಕೆಂಡವಾಗಿ ನಿಂತಿದ್ದ. ಈ ಅಚ್ಚುಕೂಟದಲ್ಲಿ ಅವನ ಪುಸ್ತಕಕ್ಕೆ ಅಕ್ಷರ ಜೋಡಿಸುತ್ತಿದ್ದವಳು ಇವಳೇ.

“ನಾನು ಬರೆದಿದ್ದು ‘ಅಳೆಯಲಾಗದ ಗಣ’. ಉದ್ದ ಇಷ್ಟೇ ಅಂತ ಹೇಳೋಕೇ ಆಗದ ಸಂಖ್ಯೆಗಳ ಗುಂಪು. ಇದರಲ್ಲಿ ಅಳಿಯ ಎಲ್ಲಿಂದ ಬಂದ?”

“ನಿಮ್ಮ ಕೈಬರಹದಿಂದ ಬಂದ ಮೇಷ್ಟ್ರೇ. ನಾನಾಗಿ ಕರೀಲಿಲ್ಲ.”

ಬೈಂಡಿಂಗ್ ಮಾಡುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕೊನೆಗೆ ಅವನೂ ನಕ್ಕ. ಪಾಪ, ಅವಳ ಮನಸ್ಸು ಕೈತಪ್ಪಿದ್ದು ಆ ನಗುವಿನಲ್ಲೇ...

ಮನೆಯಲ್ಲಿ ಹೇಳಿದಾಗ ಅಪ್ಪನೂ ಸದ್ದಿಲ್ಲದೆ ನಕ್ಕರು. ಪಾರ್ಶ್ವವಾಯು ಬಡಿದು ಅವರ ಮಾತು ಹೋಗಿ ಎರಡು ವರ್ಷವಾಗಿತ್ತು. ಹೇಳಬೇಕಾದ್ದನ್ನು ಎಡಗೈಯಲ್ಲಿ ಗೀಚುತ್ತಿದ್ದರು. ಅದಕ್ಕೆಂದೇ ಅವಳು ಕೆಲಸ ಮುಗಿದ ಪ್ರೂಫುಗಳನ್ನು ಮನೆಗೆ ತರುತ್ತಿದ್ದಳು. ತಿದ್ದುವುದೆಲ್ಲ ಮುಂಬದಿಯಲ್ಲೇ ಆದ್ದರಿಂದ ಹಿಂಬದಿ ಖಾಲಿ ಇರುತ್ತಿತ್ತು. ಅಚ್ಚುಕೂಟದಲ್ಲಿ ಯಾರೂ ಹಾಳೆ ಮಗುಚುತ್ತಿರಲಿಲ್ಲ.

ಒಂದು ದಿನ ಮೇಷ್ಟ್ರು ಕಾಗದದ ಮೇಲೆ ಗೆರೆ ಎಳೆದ.

“ಇದನ್ನ ಮೂರು ಭಾಗ ಮಾಡಿ ನಡುವಿನದು ತೆಗೀರಿ. ಉಳಿದ ಎರಡು ತುಂಡಲ್ಲೂ ಹಾಗೇ ಮಾಡಿ. ಹೀಗೇ ತೆಗೀತಾನೇ ಹೋಗಿ...”

“ಕೊನೆಗೆ ಏನುಳಿಯುತ್ತೆ?”

“ಅದು ಮುಂದಿನ ಅಧ್ಯಾಯ.” ಅವನ ದನಿ ತಗ್ಗಿತು. “ಆ ಅಧ್ಯಾಯದಲ್ಲಿ ನೀವೂ ನನ್ನ ಜೊತೆ ಇದ್ರೆ ಚೆನ್ನಾಗಿರುತ್ತೆ. ಪುಸ್ತಕದ ಮಾತಲ್ಲ ಇದು.”

ಅವಳು ಕಾಗದವನ್ನು ತನ್ನತ್ತ ಎಳೆದುಕೊಂಡಳು. *ನನ್ನ ದಿನವೂ ಈ ಗೆರೆಯ ಹಾಗೇ ಅಲ್ವಾ? ನಡುವಿನ ಪಾಲು ಅಚ್ಚುಕೂಟಕ್ಕೆ. ಉಳಿದದ್ದರಲ್ಲಿ ಅಪ್ಪನ ಸ್ನಾನ, ಊಟ, ಔಷಧಿ...*

ಮರುದಿನ ಪ್ರೂಫಿನ ಕೆಳಗೆ ಪೆನ್ಸಿಲಿನಲ್ಲಿ ಬರೆದು ಕಳಿಸಿದಳು: “ನನ್ನಿಂದ ಎಲ್ಲವನ್ನೂ ತೆಗೆದ ಮೇಲೆ ನಿಮಗೆ ಉಳಿಯುವುದೆಷ್ಟು?”

ಹಾಳೆ ಮರಳಿ ಬಂತು. ತೀರಾ ಅಂಚಿನಲ್ಲಿ, ಜಾಗವಿಲ್ಲದೆ ಒತ್ತಿ ಬರೆದ ಒಂದೇ ಸಾಲು: “ಲೆಕ್ಕದ ಪ್ರಕಾರ ಅಳತೆ ಸೊನ್ನೆ.”

ಸೊನ್ನೆ... ಅಷ್ಟೇನಾ?

ಕಣ್ಣೀರು ಒರೆಸಿಕೊಂಡು, ಆ ಹಾಳೆಯನ್ನು ಮನೆಯಲ್ಲಿ ಅಪ್ಪನ ಹಾಳೆಗಳ ಕಟ್ಟಿನ ತಳಕ್ಕೆ ಸೇರಿಸಿದಳು. ಮರುದಿನ ಮುಂದಿನ ಅಧ್ಯಾಯವನ್ನು ಪಕ್ಕದ ಮೇಜಿನವಳಿಗೆ ಕೊಟ್ಟುಬಿಟ್ಟಳು. ಮೇಷ್ಟ್ರು ಬಂದರೆ ಒಳಗೆ ಹೋಗಿಬಿಡುತ್ತಿದ್ದಳು. ಎರಡು ಮೂರು ಸಲ ಕಾದು ನೋಡಿ ಅವನೂ ಬರುವುದು ಬಿಟ್ಟ. ಪುಸ್ತಕ ಹೊರಬಂತು. ಅವಳು ಅದನ್ನು ತೆರೆಯಲಿಲ್ಲ.

ಏಳು ತಿಂಗಳ ಮೇಲೆ ಅಪ್ಪನಿಗೆ ಜ್ವರ ಬಂತು, ಎಚ್ಚರ ತಪ್ಪಿತು. ಮೂರನೇ ದಿನ ತೀರಿಕೊಂಡರು.

ಬಂದವರೆಲ್ಲ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಹಾಸಿಗೆ ಎತ್ತಿದರೆ ದಿಂಬಿನ ಅಡಿಯಲ್ಲಿ ಮಡಿಸಿಟ್ಟ ಅದೇ ಹಾಳೆ... ಹಿಂಬದಿ ಮೇಲಾಗಿತ್ತು. ಅಲ್ಲಿ ಮೇಷ್ಟ್ರ ಅಕ್ಷರ.

“ಆದರೆ ಬಿಂದುಗಳು ಇಡೀ ಗೆರೆಯಲ್ಲಿ ಎಷ್ಟಿದ್ದವೋ ಅಷ್ಟೇ ಉಳಿಯುತ್ತವೆ. ಇದು ತಮಾಷೆಯಲ್ಲ, ಸಾಧಿಸಿದ ಮಾತು. ನಿಮ್ಮಲ್ಲಿ ಉಳಿದದ್ದು ನನಗೆ ಧಾರಾಳ. ತಂದೆಯವರನ್ನು ಕೇಳಲು ಬರಲೇ?”

ಅದರ ಕೆಳಗೆ ಅಪ್ಪನ ಸೊಟ್ಟ ಎಡಗೈ ಬರಹ. ತೋರಿಸುವಷ್ಟರಲ್ಲಿ ಜ್ವರ ಬಂದಿತ್ತೇನೋ...

ಒಮ್ಮೆ, ಒಂದೇ ಒಂದು ಸಲ ಹಾಳೆ ಮಗುಚಿದ್ದರೆ ಅಪ್ಪ ಇದ್ದಾಗಲೇ ಎಲ್ಲವೂ ಆಗುತ್ತಿತ್ತು. ಅವಳು ಬರೀ ನೆಲದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಅವಳು ಹುಡುಕಿಕೊಂಡು ಹೋದಾಗ ಮೇಷ್ಟ್ರ ತರಗತಿ ಖಾಲಿಯಾಗಿತ್ತು. ಅವನು ಕಪ್ಪು ಹಲಗೆ ಒರೆಸುತ್ತಿದ್ದ. ಕಣ್ಣ ಸುತ್ತ ಕಪ್ಪಿಟ್ಟಿತ್ತು.

“ಮೇಷ್ಟ್ರೇ, ಪ್ರೂಫ್ ತಂದಿದ್ದೀನಿ. ತಡವಾಯ್ತು.” ಅವಳು ಹಾಳೆ ಚಾಚಿದಳು. “ನಾನು ಹಿಂಬದಿ ನೋಡಿರಲಿಲ್ಲ... ಅಪ್ಪ ಹೋಗ್ಬಿಟ್ರು.”

ಅವನು ಹಾಳೆ ತೆಗೆದುಕೊಂಡ. ಹಿಂಬದಿಗೆ ಮಗುಚಿದ.

“ಕೆಳಗಿರೋದು... ಅವರ ಅಕ್ಷರವಾ?”

“ಹೂಂ.”

“‘ಅಳಿಯ’ ಅಂತಿದೆ. ‘ಅಳೆಯ’ ಅಂತ ಏನೋ ಬರೆಯೋಕೆ ಹೋಗಿ ತಪ್ಪಾಯ್ತೇನೋ?”

ಅವಳು ಅವನ ಜೇಬಿನಿಂದ ಇಣುಕುತ್ತಿದ್ದ ಕೆಂಪು ಪೆನ್ನನ್ನು ಮೆಲ್ಲನೆ ತೆಗೆದುಕೊಂಡಳು.

“ಅಪ್ಪ ಸರಿಯಾಗೇ ಬರೆದಿದ್ದಾರೆ. ತಿದ್ದಬೇಡಿ.”