ತೊಡೆಯ ಮೇಲಿನ ಬ್ಯಾಟರಿ

ಗುಡ್ಡದ ಮೇಲಿನ ಶಿಬಿರದಲ್ಲಿ ಸರ್ವೆಯವನು ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದಾನೆ, ಸಂಜೆಯೊಳಗೆ ಆಸ್ಪತ್ರೆ ಸೇರದಿದ್ದರೆ ಕಾಲು ಉಳಿಯುವುದಿಲ್ಲ. ವೈರ್‌ಲೆಸ್‌ನಲ್ಲಿ ಬಂದದ್ದು ಇಷ್ಟೇ. ಹತ್ತು ನಿಮಿಷದಲ್ಲಿ ಜೀಪು ಹೊರಟಿತು. ಓಡಿಸುವವನನ್ನು ಅವನ ವೇಗಕ್ಕಾಗಿ ಎಲ್ಲರೂ ರಾಕೆಟ್ ಎನ್ನುತ್ತಿದ್ದರು. ಪಕ್ಕದಲ್ಲಿ ಅವನ ಅಕ್ಕನ ಗಂಡ, ಗಾಡಿ ರಿಪೇರಿ ಶೆಡ್ಡಿನ ವೆಲ್ಡರ್. ಹಿಂದೆ ನರ್ಸ್.

"ಹೊಸ ಬ್ಯಾಟರಿಗೆ ಬೇರೆ ಕಡೆ ಟ್ರೇ ಮಾಡಿಸ್ದೆ ತಾನೆ?" ಭಾವ ಕೇಳಿದ.

"ಬಿಗಿಯಾಗಿ ಕೂತಿದೆ ಭಾವ. ನೀವು ಆರಾಮಾಗಿರಿ."

ಸುಳ್ಳು. ಜೀಪಿನ ಮೂತಿಯಲ್ಲಿದ್ದ ವಿಂಚು, ಅಂದರೆ ಉಕ್ಕಿನ ಹಗ್ಗ ಸುತ್ತಿ ಗಾಡಿಯನ್ನೇ ಎಳೆಯುವ ಯಂತ್ರ, ಹಳೆಯ ಬ್ಯಾಟರಿಯನ್ನು ಎರಡೇ ಎಳೆತಕ್ಕೆ ಹೀರಿಬಿಡುತ್ತಿತ್ತು. ಅದಕ್ಕೇ ರಾಕೆಟ್ ಮೂವತ್ತು ಕಿಲೋದ ದೊಡ್ಡ ಬ್ಯಾಟರಿ ತಂದಿದ್ದ. ಹಳೆಯ ಟ್ರೇಯಲ್ಲಿ ಅದು ಅರ್ಧ ಹೊರಗೇ ಉಳಿಯಿತು. ಅದನ್ನು ಹಿಡಿದಿಡುವ ಪಟ್ಟಿ ಮೇಲೆ ಕೂರಲಿಲ್ಲ. ವೈರಿನ ಉದ್ದ ಸಾಲಲಿಲ್ಲ. 'ಭಾನುವಾರ ತಗೊಂಡ್ಬಾ, ಎರಡು ಗಂಟೆ ಕೆಲಸ' ಎಂದಿದ್ದ ಭಾವ. ರಾಕೆಟ್ ಹೋಗಲಿಲ್ಲ. ವೈರಿಗೆ ತುಂಡು ಸೇರಿಸಿ, ಬ್ಯಾಟರಿಯನ್ನು ಸೈಕಲ್ ಟ್ಯೂಬಿನಿಂದ ಕಟ್ಟಿ, ಆ ಭಾನುವಾರವೆಲ್ಲ ಬಾನೆಟ್ಟಿನ ಮೇಲೆ ಮಿಂಚಿನ ಚಿತ್ರ ಬಿಡಿಸಿದ್ದ.

ಹತ್ತುವ ದಾರಿ ಅವನ ಸುಳ್ಳನ್ನು ಕಾಪಾಡಿತು. ಬಿದಿರುಮೆಳೆಗಳ ನಡುವೆ ಕೆಂಪು ಮಣ್ಣಿನ ದಾರಿ ಮೇಲೇರುತ್ತ ಹೋಯಿತು. ಆಮೇಲೆ ಮರಗಳು ಕುಳ್ಳಾದವು, ಗಾಳಿ ತಣ್ಣಗಾಯಿತು, ಕೊನೆಗೆ ಬರಿ ಹುಲ್ಲು, ಕಲ್ಲು, ಆಕಾಶ. ಎರಡು ಕಡೆ ವಿಂಚು ಎಳೆಯಿತು, ಲೈಟು ಒಮ್ಮೆಯೂ ಮಂಕಾಗಲಿಲ್ಲ. ರಾಕೆಟ್ ಹೆಮ್ಮೆಯಿಂದ ನರ್ಸ್ ಕಡೆ ತಿರುಗಿ ನೋಡಿದ. ಅವಳು ದಾರಿ ತೋರಿಸಿ, "ಮುಂದೆ ನೋಡಿ ಓಡ್ಸಪ್ಪ" ಎಂದಳು.

ಸರ್ವೆಯವನನ್ನು ಹಲಗೆಗೆ ಕಟ್ಟಿ ಮಲಗಿಸಿದರು. "ಗುಡ್ಡ ಅಳೆಯೋಕೆ ಬಂದೆ, ಗುಡ್ಡಾನೇ ನನ್ನ ಅಳತೆ ತಗೊಂಡ್ಬಿಡ್ತು" ಎಂದು ನಕ್ಕು, ನಗುವಾಗಲೇ ನರಳಿದ.

ಇಳಿಯುವಾಗ, ಬೆಳಿಗ್ಗೆ ದಾಟಿ ಬಂದಿದ್ದ ಹೊಳೆಯ ನಡುವೆ ಮುಂದಿನ ಗಾಲಿ ಗುಂಡಿಗೆ ಬಿತ್ತು.

ಧಡ್ ಎಂದಿತು. ಬಾನೆಟ್ಟಿನಡಿ ಕಿಡಿ ಸಿಡಿಯಿತು. ಹೊಗೆ. ಎಂಜಿನ್ ನಿಂತಿತು.

ಭಾವ ಸೊಂಟದುದ್ದ ನೀರಿಗೆ ಹಾರಿ ಬಾನೆಟ್ ಎತ್ತಿದ. ಒದ್ದೆ ಅಂಗಿಯನ್ನು ಕೈಗೆ ಸುತ್ತಿ ವೈರು ಕಿತ್ತ. ಬ್ಯಾಟರಿ ಜಾರಿ ತಗಡಿಗೆ ತಾಗಿತ್ತು. ರಾಕೆಟ್ ಸೇರಿಸಿದ್ದ ತುಂಡು ಕರಗಿಹೋಗಿತ್ತು. ಹರಿದ ಸೈಕಲ್ ಟ್ಯೂಬು ನೇತಾಡುತ್ತಿತ್ತು. ಭಾವ ಅದನ್ನು ನೋಡಿದ. ರಾಕೆಟ್ ತಲೆ ತಗ್ಗಿಸಿದ.

"ಯಾರ್ರೀ ಇದನ್ನ ಕೂರಿಸಿದ್ದು?" ನರ್ಸ್ ಕೂಗಿದಳು. "ವೆಲ್ಡರ್ ನೀವಲ್ವಾ?"

ಭಾವ ಟ್ಯೂಬನ್ನು ಕಿತ್ತು ಹೊಳೆಗೆಸೆದ. ರಾಕೆಟ್ ಕರಗಿದ ವೈರಿನ ತುದಿ ಒರೆಸತೊಡಗಿದ.

"ಉಳಿದ ವೈರು ಎಲ್ಲೀತನಕ ಬರುತ್ತೆ?" ಭಾವ ಕೇಳಿದ.

"ಮಡ್‌ಗಾರ್ಡ್ ತನಕ. ಅಲ್ಲಿ ಇಡೋಕೆ ಜಾಗ ಇಲ್ಲ."

"ನನ್ನ ತೊಡೆ ಇದೆಯಲ್ಲ."

ಬಾನೆಟ್ ಬಿಚ್ಚಿ ದಡಕ್ಕೆ ಹಾಕಿದರು, ಮಿಂಚಿನ ಚಿತ್ರ ಮೇಲ್ಮುಖವಾಗಿ. ಭಾವ ಮಡ್‌ಗಾರ್ಡಿನ ಮೇಲೆ ಕೂತು ಬ್ಯಾಟರಿಯನ್ನು ಅಪ್ಪಿಕೊಂಡ. ನರ್ಸ್ ಅವನ ಸೊಂಟಕ್ಕೆ ಹಗ್ಗ ಬಿಗಿದು ಗಾಡಿಗೆ ಕಟ್ಟಿದಳು. ವಿಂಚಿನ ಹಗ್ಗವನ್ನು ಆಚೆ ದಡದ ಮರಕ್ಕೆ ಸುತ್ತಿದ್ದಾಯಿತು.

ಎಂಜಿನ್ ಕೆಮ್ಮಿತು. ಮತ್ತೆ ಕೆಮ್ಮಿತು. ಹಿಡಿಯಿತು! ವಿಂಚು ನರಳುತ್ತ ಎಳೆಯಿತು, ಜೀಪು ನೀರು ಸುರಿಸುತ್ತ ದಡ ಹತ್ತಿತು.

ಇನ್ನು ಒಂಬತ್ತು ಕಿಲೋಮೀಟರ್. ಪ್ರತಿ ಕಲ್ಲಿಗೂ ಬ್ಯಾಟರಿ ಭಾವನ ಎದೆಗೆ ಗುದ್ದಿತು. ರಾಕೆಟ್ ಜೀವನದಲ್ಲೇ ಮೊದಲ ಸಲ ಅಷ್ಟು ಮೆಲ್ಲಗೆ ಓಡಿಸಿದ. ಭಾವ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊತ್ತು ಮುಳುಗುವ ಮುನ್ನ ಆಸ್ಪತ್ರೆ ತಲುಪಿದರು. ಅರ್ಧ ಗಂಟೆಯಲ್ಲಿ ಡಾಕ್ಟರ್ ಹೊರಬಂದು, "ಕಾಲು ಉಳಿಯುತ್ತೆ" ಎಂದರು. ಕಚೇರಿಯಿಂದ ಅಲ್ಲಿಗೇ ಬಂದಿದ್ದ ಶಿಬಿರದ ಮುಖ್ಯಸ್ಥರು ಹೊಳೆಯಲ್ಲಿ ಆದದ್ದನ್ನು ನರ್ಸ್‌ನಿಂದ ಕೇಳಿ, ರಾಕೆಟ್‌ನ ಬೆನ್ನು ತಟ್ಟಿ, ಗಾಡಿಯ ರಿಪೇರಿ ಬರೆದಿಡುವ ಪುಸ್ತಕ ತೆರೆದು, ಭಾವನ ಕಡೆ ನೋಡಿದರು. "ನಿಮ್ಮ ವೆಲ್ಡಿಂಗ್ ಬಿಟ್ಕೊಳ್ತಾ?"

ಭಾವ ನೆಲ ನೋಡುತ್ತಿದ್ದ.

"ಇಲ್ಲ ಸಾರ್," ರಾಕೆಟ್ ಹೇಳಿದ. "ಅವರು ಮಾಡ್ಕೊಡ್ತೀನಿ ಅಂದ್ರು, ನಾನು ಹೋಗ್ಲಿಲ್ಲ. ಸೈಕಲ್ ಟ್ಯೂಬಲ್ಲಿ ಕಟ್ಟಿದ್ದೆ. ಬೆಳಿಗ್ಗೆ ಕೇಳಿದಾಗ್ಲೂ ಸುಳ್ಳು ಹೇಳ್ದೆ."

ಮುಖ್ಯಸ್ಥರು ಬೆನ್ನಿನ ಮೇಲಿದ್ದ ಕೈ ತೆಗೆದು ಪೆನ್ನು ಕೊಟ್ಟರು. "ಹಾಗೇ ಬರಿ."

ಅವನು ಬರೆದು ಸಹಿ ಹಾಕಿದ. ನರ್ಸ್ ಅದನ್ನು ಓದಿ, ಎರಡು ಲೋಟ ಚಹಾ ತಂದು ಬೆಂಚಿನ ಮೇಲಿಟ್ಟಳು. ಭಾವ ಒಂದನ್ನು ಎತ್ತಲು ನೋಡಿದ. ಬ್ಯಾಟರಿ ಹಿಡಿದು ಮರಗಟ್ಟಿದ ಬೆರಳುಗಳು ಮಡಚಿಕೊಳ್ಳಲೇ ಇಲ್ಲ.

ರಾಕೆಟ್ ಲೋಟ ತೆಗೆದು ಭಾವನ ತುಟಿಯ ಹತ್ತಿರ ಹಿಡಿದ. ಅವನ ಕಣ್ಣು ನೋಡುವ ಧೈರ್ಯವಾಗದೆ ಲೋಟವನ್ನೇ ನೋಡಿದ.

"ಬಿಸಿ ಇದೆ ಕಣೋ," ಭಾವ ಹೇಳಿದ. "ಊದಿ ಕೊಡು."

ರಾಕೆಟ್ ಊದಿದ.