ಏಳು ಕಲೆಗಳ ಅಂಗಿ

ಊಟದ ಬಿಡುವು ಮುಗಿದರೂ ನಿರ್ದೇಶಕರು ಹೊರಗೆ ಬರಲಿಲ್ಲ. ಕರೆಯಲು ಹೋದ ಸೂಜಿಯಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಸೆಟ್ಟಿನ ಹಿಂದಿನ ಪುಟ್ಟ ಕೋಣೆಯಲ್ಲಿ ಅವರು ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದರು. ತಿದ್ದುತ್ತಿದ್ದ ಚಿತ್ರಕಥೆಯ ಹಾಳೆಗಳು ಎದೆಯ ಕೆಳಗೆ ಒದ್ದೆಯಾಗಿದ್ದವು. ಪಕ್ಕೆಯಲ್ಲಿ ಕಠಾರಿ. ಅದರ ಹಿಡಿಯನ್ನು ಅವಳು ಬಲ್ಲಳು. ಸೆಟ್ಟಿನ ಆಯುಧ, ಸಾಮಾನು ನೋಡಿಕೊಳ್ಳುವ ಅವಳ ಅಣ್ಣನ ಕಪಾಟಿನದು.

ಆ ಸೆಟ್ಟಿನಲ್ಲಿ ರಕ್ತಕ್ಕೇನೂ ಬರವಿರಲಿಲ್ಲ. ರಾಜನೊಬ್ಬ ತನ್ನ ಮಕ್ಕಳನ್ನೇ ಕೊಲ್ಲುವ ಹಳೆಯ ದುರಂತ ನಾಟಕವನ್ನು ತೆರೆಗೆ ತರುತ್ತಿದ್ದರು. ನಾಟಕದಲ್ಲಿ ಕೊಲೆ ಪರದೆಯ ಹಿಂದೆ ನಡೆಯುತ್ತಿತ್ತು. ದೂತ ಓಡಿಬಂದು ಕಂಡದ್ದನ್ನು ಹೇಳುತ್ತಿದ್ದ. ನಿರ್ದೇಶಕರು ಮಾತ್ರ ಎಲ್ಲವನ್ನೂ ಕ್ಯಾಮೆರಾದ ಮುಂದೆಯೇ ಮಾಡಿಸುತ್ತಿದ್ದರು. ಉಡುಪು ನೋಡಿಕೊಳ್ಳುವ ಸೂಜಿಯಕ್ಕ ಬೆಳಗಾದರೆ ಸಕ್ಕರೆಪಾಕಕ್ಕೆ ಬಣ್ಣ ಕಲಸಿ ರಕ್ತ ಮಾಡುತ್ತಿದ್ದಳು. ಅದು ಎಷ್ಟು ಹೊತ್ತಾದರೂ ಕೆಂಪು, ಎಷ್ಟು ಹೊತ್ತಾದರೂ ಅಂಟಂಟು.

*

"ಕಠಾರಿ ನಿಂದಲ್ವೇನಯ್ಯಾ?" ಇನ್ಸ್‌ಪೆಕ್ಟರ್ ಅವಳ ಅಣ್ಣನನ್ನು ಕೇಳಿದರು.

"ನನ್ನ ವಶದಲ್ಲಿದ್ದಿದ್ದೇ ಸಾರ್. ಚುಚ್ಚೋ ಶಾಟ್‌ಗೆ ರಬ್ಬರಿಂದು. ಹತ್ತಿರದಿಂದ ತೋರಿಸೋಕೆ ಈ ಉಕ್ಕಿಂದು."

"ಕಪಾಟಿಗೆ ಬೀಗ ಇರ್ಲಿಲ್ವಾ?"

ಅಣ್ಣ ತಲೆ ತಗ್ಗಿಸಿದ. "ಶಾಟ್ ಆದ್ಮೇಲೆ ಸಿಂಹಾಸನದ ಮೇಲೇ ಬಿಟ್ಟಿದ್ದೆ. ಮರ್ತುಹೋಯ್ತು."

"ಬೆಳಿಗ್ಗೆ ಎಲ್ಲರ ಮುಂದೆ ನಿರ್ದೇಶಕರು ಉಗಿದಿದ್ದು ಮರ್ತಿಲ್ಲ ತಾನೆ?"

"ಅವರು ದಿನಾ ಉಗೀತಿದ್ರು ಸಾರ್. ಅದಕ್ಕೆಲ್ಲ ಕೊಲ್ಲೋ ಹಾಗಿದ್ರೆ ಇಷ್ಟೊತ್ತಿಗೆ ಈ ಸಿನಿಮಾಕ್ಕೆ ಎಂಟನೇ ನಿರ್ದೇಶಕರು ಬಂದಿರೋರು."

ಯಾರೂ ನಗಲಿಲ್ಲ. ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದೆತ್ತಿದರು. ಅಂಗಿತೋಳಿನ ತುದಿಯಲ್ಲಿ ಕೆಂಪು ಕಲೆ.

"ಜೀಪ್ ಹತ್ತು."

ಅಪ್ಪ ಅಮ್ಮ ಹೋದ ಮೇಲೆ ಸೂಜಿಯಕ್ಕನಿಗೆ ತನ್ನವರು ಅಂತ ಇದ್ದದ್ದು ಈ ಅಣ್ಣ ಒಬ್ಬನೇ. ಅವಳು ಮುಂದೆ ಬಂದು ಆ ಕಲೆಯ ಮೇಲೆ ಬೆರಳಿಟ್ಟಳು. ಬೆರಳು ಅಂಟಿತು. ಹೋದ ಉಸಿರು ವಾಪಸು ಬಂತು.

"ಇದು ನಾನು ಮಾಡಿದ ಪಾಕ ಸಾರ್. ಮುಟ್ಟಿ ನೋಡಿ."

"ಅಷ್ಟಕ್ಕೇ ಇವನು ಪಾರಾಗಲ್ಲಮ್ಮಾ. ಜೀಪಲ್ಲಿ ಕೂತಿರ್ಲಿ. ಅಲ್ಲ, ಆ ರಾಜನ ವೇಷದವರ ನಿಲುವಂಗಿ ಪೂರ್ತಿ ತೊಯ್ದಿದೆಯಲ್ಲ?"

"ಅದು ನನ್ನ ಹತ್ರಾನೇ ತೂಗ್ತಿತ್ತು. ಊಟದಲ್ಲಿ ಏನಾದ್ರೂ ಚೆಲ್ಕೋತಾರೆ ಅಂತ ಎಲ್ಲರ ಉಡುಪೂ ಮೊದಲೇ ಬಿಚ್ಚಿಸ್ಕೋತೀನಿ. ರಾಜರು ಬನಿಯನ್ನಲ್ಲಿ ಕೂತು ಊಟ ಮಾಡಿದ್ದನ್ನ ಇಡೀ ಸೆಟ್ಟೇ ನೋಡಿದೆ."

"ಎಲ್ಲರೂ ಬಿಚ್ಚಿ ಕೊಟ್ರಾ?"

ಅವಳ ಕಣ್ಣು ದೀಪದ ಕಂಬದತ್ತ ಹೋಯಿತು. ಆಮೇಲೆ ಮೆಲ್ಲಗೆ ಹೇಳಿದಳು. "ಒಬ್ರು ಕೊಡ್ಲಿಲ್ಲ. ಹಸಿವಿಲ್ಲ ಅಂದ್ರು."

*

ದೂತನ ಪಾತ್ರದ ಮುದುಕ ನಟ ದೀಪದ ಕಂಬದ ಕೆಳಗೆ ಒಬ್ಬನೇ ಕೂತಿದ್ದ. ಮೈಮೇಲೆ ಬಿಚ್ಚಿಕೊಡದ ಆ ಕಲೆಬಿದ್ದ ಬಿಳಿ ಅಂಗಿ.

"ಅಜ್ಜಾ, ಸ್ವಲ್ಪ ಎದ್ದು ನಿಂತ್ಕೊಳ್ಳಿ."

"ಯಾಕಮ್ಮಾ? ಇನ್ನೆಲ್ಲಿಯ ಶೂಟಿಂಗು?"

ಸೂಜಿಯಕ್ಕ ತನ್ನ ಪುಸ್ತಕ ಬಿಚ್ಚಿದಳು. ಸಿನಿಮಾದಲ್ಲಿ ಒಂದು ದೃಶ್ಯದ ಅರ್ಧ ಇವತ್ತು, ಉಳಿದರ್ಧ ಮುಂದಿನ ವಾರ. ಕಲೆ ಒಂದು ಬೆರಳಷ್ಟು ಜರುಗಿದರೂ ತೆರೆಯ ಮೇಲೆ ಎದ್ದು ಕಾಣುತ್ತದೆ. ಅದಕ್ಕೇ ಪ್ರತಿ ಶಾಟ್ ಮುಗಿದ ಮೇಲೆ ಉಡುಪಿನ ಫೋಟೋ ತೆಗೆದು ಅಂಟಿಸುತ್ತಿದ್ದಳು. ಬೆಳಗಿನ ಫೋಟೋದಲ್ಲಿ ದೂತನ ಅಂಗಿಗೆ ಏಳು ಕಲೆ. ಎದೆಗೆ ಮೂರು, ಹೊಟ್ಟೆಗೆ ಎರಡು, ಎಡತೋಳಿಗೆ ಎರಡು. ಬಲತೋಳು ಅಚ್ಚ ಬಿಳಿ.

ಈಗ ಬಲತೋಳಲ್ಲೂ ಒಂದಿತ್ತು. ಉಳಿದವು ಕೆಂಪಗೆ ಹೊಳೆಯುತ್ತಿದ್ದರೆ ಅದು ಕಂದಾಗಿ, ಗಂಜಿ ಹಾಕಿದಂತೆ ಸೆಟೆದಿತ್ತು.

"ಬಲತೋಳಿಗೆ ನಾನು ಕುಂಚ ಮುಟ್ಟಿಸಿಲ್ಲ ಅಜ್ಜಾ."

ಮುದುಕ ತೋಳನ್ನೇ ನೋಡಿಕೊಂಡ. "ಇಷ್ಟೊಂದು ರಕ್ತದಲ್ಲಿ ಒಂದು ಹೆಚ್ಚಾದ್ರೆ ಯಾರಿಗೆ ಗೊತ್ತಾಗತ್ತೆ ಅಂದ್ಕೊಂಡೆ. ನಾಟಕದಲ್ಲಿ ಯಾರೂ ಎಣಿಸ್ತಿರ್ಲಿಲ್ಲ."

"ಇಲ್ಲಿ ಎಣಿಸೋದೇ ನನ್ನ ಕೆಲಸ."

ಇನ್ಸ್‌ಪೆಕ್ಟರ್ ಮುಂದೆ ಬಂದರು. "ಪಾಕದ ರಕ್ತ ಕಂದಾಗಲ್ಲ. ನಿಜವಾದದ್ದು ಆಗತ್ತೆ. ಸತ್ತವರ ಎದೆಯ ಕೆಳಗಿದ್ದ ನಾಲ್ಕು ಹಾಳೇನೂ ನೋಡಿದೆ. ಎಲ್ಲಾ ದೂತನ ಮಾತು. ಎಲ್ಲಕ್ಕೂ ಅಡ್ಡಗೆರೆ."

"ರಂಗದ ಮೇಲೆ ಮೂವತ್ತು ವರ್ಷ ಹೇಳಿದ ಮಾತು ಸ್ವಾಮಿ. ಜನ ಉಸಿರು ಬಿಗಿಹಿಡಿದು ಕೇಳೋರು." ಮುದುಕನ ದನಿ ನಡುಗಲಿಲ್ಲ. "'ಕೊಲೇನೇ ತೋರಿಸ್ತಿದೀನಿ, ನಿಮ್ಮ ವರದಿ ಯಾರಿಗೆ ಬೇಕು? ಓಡಿಬಂದು ಬಿದ್ಬಿಡಿ, ಸಾಕು' ಅಂದ. ಒಂದು ಪುಟನಾದ್ರೂ ಉಳಿಸಪ್ಪಾ ಅಂತ ಬೇಡ್ಕೊಂಡೆ. ತಲೆ ಎತ್ತಿ ನೋಡ್ಲಿಲ್ಲ. ಗೆರೆ ಎಳೀತಾನೇ ಇದ್ದ."

"ಬೇಡೋಕೆ ಹೋದವರು ಸಿಂಹಾಸನದ ಮೇಲಿದ್ದ ಕಠಾರಿ ಯಾಕೆ ತಗೊಂಡು ಹೋದ್ರಿ?"

ಮುದುಕ ಅಂಗಿ ಬಿಚ್ಚಿ ಸೂಜಿಯಕ್ಕನತ್ತ ಚಾಚಿದ.

*

ಮುದುಕನನ್ನು ಹತ್ತಿಸಿದ ಜೀಪಿನಿಂದಲೇ ಅಣ್ಣ ಇಳಿದ. ಇಬ್ಬರೂ ಗೇಟಿನ ತನಕ ನಡೆದರು.

"ನಿಂಗೆ ನನ್ನ ಮೇಲೆ ಅನುಮಾನ ಬರ್ಲಿಲ್ಲ ತಾನೆ?" ಎಂದ ಅಣ್ಣ.

ಇಲ್ಲ ಎಂದುಬಿಡಬಹುದಿತ್ತು. ಸುಳ್ಳು ಅವಳ ನಾಲಿಗೆಗೆ ಬರಲಿಲ್ಲ.

"ಬಂತಣ್ಣ."

"ಎಷ್ಟು ಹೊತ್ತು?"

"ಸ್ವಲ್ಪ ಹೊತ್ತು."

ಅಣ್ಣ ತಲೆಯಾಡಿಸಿದ. ಕೋಪ ಮಾಡಿಕೊಳ್ಳಲಿಲ್ಲ. ಆದರೆ ಅಲ್ಲಿಂದ ಮನೆಯ ತನಕ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ.