ಅವಳು ತೆರೆಯದ ಸ್ನ್ಯಾಪ್‌ಶಾಟ್‌ಗಳು

"ಕೈ ತೆಗೀರಿ! ಯಾರ್ರೀ ನೀವು? ಅದು ನನ್ನ ಕುರ್ಚಿ!"

ಬೆಳಿಗ್ಗೆ ಏಳೂವರೆ. ಆಸ್ಪತ್ರೆಯ ವೆಬ್‌ಸೈಟ್ ಬಿದ್ದಿದೆ, ತೆರೆಯುತ್ತಿಲ್ಲ ಎಂದು ಅಕ್ಕ ಫೋನ್ ಮಾಡಿದ್ದಳು. ಅಕ್ಕ ಅಲ್ಲೇ ಮಕ್ಕಳ ವಾರ್ಡಿನ ನರ್ಸ್, ತಂಗಿ ಅಲ್ಲೇ ವೆಬ್‌ಸೈಟ್ ನಡೆಸುವ ಸರ್ವರ್ ನೋಡಿಕೊಳ್ಳುವವಳು. ಎದ್ದುಬಿದ್ದು ಓಡಿ ಬಂದರೆ, ಅಪರಿಚಿತನೊಬ್ಬ ಅವಳ ಕಂಪ್ಯೂಟರ್ ಮುಂದೆ ಕೂತಿದ್ದಾನೆ!

"ಒಂದೇ ನಿಮಿಷ..."

ಅವನು ತಿರುಗಲೂ ಇಲ್ಲ. ಏನೋ ಒತ್ತಿದ. ವೈದ್ಯರ ಅಪಾಯಿಂಟ್‌ಮೆಂಟ್ ಪುಟ ಪರದೆಯ ಮೇಲೆ ಮತ್ತೆ ತೆರೆದುಕೊಂಡಿತು.

ಆಮೇಲೆ ತಿರುಗಿದ. ಅವಳಿಗೆ ಆ ಮುಖ ಯಾಕೋ ಹಿಡಿಸಿತು.

"ಬೆಳಗಿನ ಪಾಳಿಗೆ ಹೊಸದಾಗಿ ಬಂದವನು ನಾನು. ಸರ್ವರನ್ನ ಹಳೇ ಸ್ನ್ಯಾಪ್‌ಶಾಟ್‌ಗೆ ವಾಪಸ್ ತಂದಿದ್ದೀನಿ. ಎಲ್ಲಾ ಸ್ನ್ಯಾಪ್‌ಶಾಟ್‌ಗಳ ಪಟ್ಟಿಯಲ್ಲೇ ಬರೆದಿದ್ದೀನಿ."

ಸರ್ವರ್‌ನ ಸೆಟ್ಟಿಂಗ್ ಮುಟ್ಟುವ ಮೊದಲು ಅದು ಇದ್ದ ಹಾಗೇ ಒಂದು ಪ್ರತಿ ಉಳಿಸಿಡುತ್ತಾರೆ, ಅದೇ ಸ್ನ್ಯಾಪ್‌ಶಾಟ್. ಎಡವಟ್ಟಾದರೆ ಅದಕ್ಕೆ ಮರಳಬಹುದು. ಮರಳಿದರೆ ನಡುವೆ ಮಾಡಿದ್ದೆಲ್ಲ ಹೋಯಿತು! ಎರಡು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದು...

"ನನ್ನ ಕೇಳದೇನೇ?"

"ಹೊರಗೆ ಮಕ್ಕಳನ್ನ ಎತ್ಕೊಂಡು ಜನ ನಿಂತಿದ್ರು," ಎಂದವನೇ ತಲೆ ತಗ್ಗಿಸಿ ಹೊರಟುಹೋದ.

ಅವಳು ಹಟಕ್ಕೆ ಬಿದ್ದು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಮರುವಾರ ಸೈಟ್ ಮತ್ತೆ ಬಿತ್ತು, ಅವನು ಮತ್ತೆ ಹಿಂದಕ್ಕೆ ತಂದ! ಅದರ ಮರುವಾರವೂ ಅದೇ! ಪಟ್ಟಿಯಲ್ಲಿ 'ಹಿಂದಕ್ಕೆ ತರಲಾಗಿದೆ' ಎಂಬ ಸಾಲಿನ ಪಕ್ಕ ಅವನ ಹೆಸರು ಕಂಡರೆ ಸಾಕು, ಮೈ ಉರಿದು, ತೆರೆದೂ ನೋಡದೆ ಮುಚ್ಚಿಬಿಡುತ್ತಿದ್ದಳು.

ಆದರೆ ಅದೇ ಮನುಷ್ಯ, ಕೆಟ್ಟುಹೋದ ಅವಳ ಕುರ್ಚಿಯ ಚಕ್ರವನ್ನು ಹೇಳದೆ ಕೇಳದೆ ಸರಿಮಾಡಿಟ್ಟಿದ್ದ. ಎದುರು ಸಿಕ್ಕಾಗಲೆಲ್ಲ ಏನೋ ಕೇಳಲು ಬಾಯಿ ತೆರೆದು, ಅವಳ ಮುಖ ನೋಡಿ ದಾರಿ ಬಿಟ್ಟು ಸರಿಯುತ್ತಿದ್ದ.

"ಅಕ್ಕಾ, ಅವನು ಒಳ್ಳೆಯವನೋ ಕೆಟ್ಟವನೋ ಒಂದೂ ಗೊತ್ತಾಗ್ತಿಲ್ಲ ಕಣೇ!"

"ಗೊತ್ತಾಗದಿದ್ರೆ ಕೇಳು. ಬಾಯಿ ಬಿಟ್ರೆ ಮುತ್ತು ಉದುರುತ್ತಾ?"

ಕೇಳಲಿಲ್ಲ. ಹಾಳಾದ್ದು ಸ್ವಾಭಿಮಾನ!

ಕೊನೆಗೆ ಮೇಲ್ವಿಚಾರಕಿ ಮೇಡಂ ಸಭೆ ಕರೆದರು. "ಮೂರು ಸಲ ಸೈಟ್ ಬಿದ್ದಿದೆ. ಯಾರ ತಪ್ಪು?"

ಪ್ರತಿ ಸಲವೂ ಅದು ಅವಳ ಬದಲಾವಣೆಯ ಬೆನ್ನಿಗೇ ಬಿದ್ದಿತ್ತು.

"ಬೆಳಗಿನ ಪಾಳಿ ನಂದು ಮೇಡಂ. ಹೊಣೆ ನಂದೇ," ಎಂದ ಅವನು.

'ಅಯ್ಯೋ... ಇದೆಂಥಾ ಮನುಷ್ಯ? ನನ್ನ ಕೆಲಸ ಅಳಿಸಿದ್ದೂ ಇವನೇ, ನನ್ನ ಬದಲು ಬೈಸಿಕೊಳ್ಳುವುದೂ ಇವನೇ!'

ಮರುದಿನ ಮಧ್ಯಾಹ್ನ ಮೇಡಂ ಬಂದು ಹೇಳಿದರು: "ಇನ್ಮೇಲೆ ಬೆಳಗಿನ ಸ್ನ್ಯಾಪ್‌ಶಾಟ್‌ಗಳನ್ನೂ ನೀನೇ ನೋಡ್ಕೋಬೇಕಮ್ಮ. ಬೆಳಗಿನ ಪಾಳಿಯವರು ತಮ್ಮನ್ನ ಬೇರೆ ಕಟ್ಟಡಕ್ಕೆ ಹಾಕಿ ಅಂತ ಕೇಳ್ಕೊಂಡಿದ್ದಾರೆ. ಇವತ್ತೇ ಕೊನೆ."

ಏನನ್ನೋ ಕಳೆದುಕೊಂಡಂತಾಗಿ ಅವಳು ಪಟ್ಟಿಯ ಸಾಲೊಂದನ್ನು ಮೊದಲ ಸಲ ತೆರೆದಳು. ಒಳಗೆ ಟಿಪ್ಪಣಿ!

"ನಿಮ್ಮ ಬದಲಾವಣೆಗಳನ್ನು ಬೇರೆ ಸ್ನ್ಯಾಪ್‌ಶಾಟ್‌ನಲ್ಲಿ ಭದ್ರವಾಗಿಟ್ಟಿದ್ದೇನೆ. ಒಂದಕ್ಷರವೂ ಹೋಗಿಲ್ಲ. ನಿಮ್ಮ ತಪ್ಪು ಇದ್ದಂತಿಲ್ಲ."

ಎರಡನೆಯದು: "ಬೆಳಿಗ್ಗೆ ಆರಕ್ಕೆ ಒಂದು ಫೈಲ್ ತಾನಾಗಿಯೇ ಬದಲಾಗುತ್ತಿದೆ. ಇಬ್ಬರೂ ಸೇರಿ ಹುಡುಕೋಣವೇ? ಉತ್ತರವೇ ಬರಲಿಲ್ಲ... ಕೋಪವೇ?"

ಮೂರನೆಯದನ್ನು ಎರಡೆರಡು ಸಲ ಓದಿದಳು.

"ಇದು ಕೆಲಸದ ಮಾತಲ್ಲ, ಕ್ಷಮಿಸಿ. ಗುರುವಾರ ನಾಲ್ಕಕ್ಕೆ ಔಷಧದಂಗಡಿ ಎದುರಿನ ಬೆಂಚಿನಲ್ಲಿರುತ್ತೇನೆ. ಇಷ್ಟವಿಲ್ಲದಿದ್ದರೆ ಬರಬೇಡಿ. ಅರ್ಥಮಾಡಿಕೊಳ್ಳುತ್ತೇನೆ."

ಆ ಗುರುವಾರ! ಆ ದಾರಿಯಲ್ಲಿ ಹೋಗುತ್ತಿದ್ದ ಅವಳನ್ನು ಕಂಡು ಅವನು ಬೆಂಚಿನಿಂದ ಎದ್ದು ನಿಂತಿದ್ದ. ಅವಳು ಮುಖ ತಿರುಗಿಸಿ ಹೋಗಿದ್ದಳು!

ಓಡಿದಳು. ಮೆಟ್ಟಿಲ ಮೇಲೆ ಚೀಲ ಹಿಡಿದು ಇಳಿಯುತ್ತಿದ್ದವನು ಗಾಬರಿಯಿಂದ ನಿಂತ.

"ನಾನು ಓದೇ ಇಲ್ಲ!"

"ಏನನ್ನ?"

"ನೀವು ಬರೆದಿದ್ದನ್ನ. ಒಂದನ್ನೂ!"

"ಮತ್ತೆ... ಗುರುವಾರ?"

"ಗೊತ್ತೇ ಇರ್ಲಿಲ್ಲ!"

"ಹಾಗಾದ್ರೆ ಕೋಪ ಇರ್ಲಿಲ್ವಾ?"

"ಇತ್ತು! ಅದು ಬೇರೆ ಕೋಪ!"

ಅವಳು ಒಂದು ಮೆಟ್ಟಿಲು ಕೆಳಗಿಳಿದಳು.

"ಮೇಡಂ ಹತ್ರ ಯಾಕೆ ಹಾಗಂದ್ರಿ?"

"ನಿಮ್ಮ ತಪ್ಪಲ್ಲ ಅಂತ ಗೊತ್ತಿತ್ತು, ಸಾಬೀತು ಮಾಡೋಕೆ ಏನೂ ಇರ್ಲಿಲ್ಲ. ನಿಮ್ಮ ಹೆಸರು ಕೆಡೋದು ಬೇಡ ಅನ್ನಿಸ್ತು."

ಅವಳ ಕಣ್ಣು ತುಂಬಿತು. ಅವನ ಚೀಲವನ್ನು ಕಸಿದುಕೊಂಡಳು. "ಬನ್ನಿ, ಸಾಬೀತು ಮಾಡೋಣ."

ಅಕ್ಕಪಕ್ಕ ಕೂತು ಹಳೆಯ ಸ್ನ್ಯಾಪ್‌ಶಾಟನ್ನೂ ಅವಳ ಬದಲಾವಣೆಗಳಿದ್ದುದನ್ನೂ ಸಾಲು ಸಾಲಾಗಿ ಹೋಲಿಸಿದರು. ಹುಡುಕಿ ಹಿಡಿದವಳು ಅವಳೇ. ಹಿಂದೆ ಇಲ್ಲಿದ್ದವರ್ಯಾರೋ ಸರ್ವರ್‌ನಲ್ಲಿ ಬರೆದು ಬಿಟ್ಟುಹೋದ ಹಳೆಯ ಆಜ್ಞೆಯೊಂದು ಪ್ರತಿ ಸೋಮವಾರ ಬೆಳಿಗ್ಗೆ ಆರಕ್ಕೆ ತಾನಾಗಿ ಎದ್ದು, ಹೊಸ ಫೈಲಿನ ಮೇಲೆ ಹಳೆಯದನ್ನು ಹೇರುತ್ತಿತ್ತು! ಪ್ರಯೋಗಕ್ಕೆಂದೇ ಇಟ್ಟ ಬೇರೆ ಸರ್ವರ್‌ನಲ್ಲಿ ಅದನ್ನು ಓಡಿಸಿದರೆ ಪುಟ ದಬಕ್ಕನೆ ಬಿತ್ತು. ಆ ಆಜ್ಞೆ ನಿಲ್ಲಿಸಿ ಅವಳ ಬದಲಾವಣೆ ತಂದರೆ ಅಲುಗಾಡದೆ ನಿಂತಿತು.

ನೋಡಿದ ಮೇಡಂ, "ಇದನ್ನ ಮೊದಲೇ ಕೂತು ಮಾತಾಡೋಕೆ ಏನಾಗಿತ್ತು ನಿಮಗೆ?" ಎಂದು ಗದರಿ, ವರ್ಗಾವಣೆ ಪತ್ರ ಹರಿದು ಹಾಕಿ ಹೋದರು.

ಅವಳು ಚೀಲವನ್ನು ಅವನಿಗೆ ಹಿಂತಿರುಗಿಸಿದಳು.

"ಗುರುವಾರ ಏನು ಹೇಳೋಕಿದ್ರಿ?" ಮೆಲ್ಲಗೆ ಕೇಳಿದಳು.

"ನಿಮ್ಮನ್ನ... ಇಷ್ಟಪಡ್ತೀನಿ ಅಂತ."

"ಇಷ್ಟಪಡೋರನ್ನ ಯಾರಾದ್ರೂ 'ನೀವು' ಅಂತಾರಾ?"

ಅವನ ಕಿವಿ ಕೆಂಪಾಯಿತು. "ಮತ್ತೆ... ಏನನ್ಲಿ?"

"ನನ್ನ ಕೇಳ್ತೀರಲ್ಲ!"

"ನೀನು... ನೀನಂದ್ರೆ ನಂಗೆ ತುಂಬಾ ಇಷ್ಟ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ನಂಗೂ ಕಣೋ."